ಕಾಶವ್ವನ ಸೊನ್ನೆ

ಆ ಮಂಗಳವಾರ ಜುಜೆ ಸಿದ್ದಿಗೆ ಧಾರವಾಡದಲ್ಲಿ ಒಟ್ಟು ಏಳು ಚಮಚ ಸಿಕ್ಕವು.

ಒಂದು ಮಿರ್ಚಿ ಭಜಿಯ ಜೊತೆ. ಒಂದು ಚಹಾದ ಜೊತೆ. ಸಕ್ಕರೆ ಆಗಲೇ ಕರಗಿತ್ತು. ಬಜಾರಿನ ಅಂಗಡಿಯವನು ಕಾಲು ಕಿಲೋ ಫೇಡೆ ಕಟ್ಟಿ, ಪೊಟ್ಟಣದ ದಾರಕ್ಕೆ ಒಂದು ಸಿಕ್ಕಿಸಿ ಕೊಟ್ಟ. ಬಾಳೆಹಣ್ಣಿನ ಗಾಡಿಯ ಮುದುಕ ತನ್ನಲ್ಲಿ ಚಮಚವಿಲ್ಲವೆಂದು ಪಕ್ಕದ ಹೋಟೆಲಿನಿಂದ ಎರವಲು ತಂದ. ಕಬ್ಬಿನ ಹಾಲಿನವನೂ ಬಿಡಲಿಲ್ಲ. ನ್ಯಾಯವಾಗಿ ಸಿಕ್ಕದ್ದು ಆರನೆಯದೊಂದೇ, ಕೆಮ್ಮಿನ ಔಷಧದ ಡಬ್ಬಿಯೊಳಗಿನದು. ಏಳನೆಯದು ಎಂದಿನಂತೆ ಕಾಶವ್ವನ ಖಾನಾವಳಿಯಲ್ಲಿ.

ಬಸ್ಸಿನಲ್ಲಿ ಇನ್ನೊಂದು ತಮಾಷೆ. ಆರು ವರ್ಷದಿಂದ ಅದೇ ಕಂಡಕ್ಟರ್, ಆರು ವರ್ಷದಿಂದ ಅದೇ ಮಾತು: "ಏ, ಮುಂದ ಸರಿಯೋ." ಅವತ್ತು ಅವನು ಜುಜೆಯ ಎದುರು ನೆಟ್ಟಗೆ ನಿಂತು, ಕಿವುಡರಿಗೆ ಹೇಳುವಂತೆ ಒಂದೊಂದೇ ಮಾತನ್ನು ಬಿಡಿಸಿ ಕೇಳಿದ. "ಸರ್... ನೀವು... ಎಲ್ಲಿ... ಗೋಯಿಂಗ್?"

"ಹಳೇ ಬಸ್‌ಸ್ಟ್ಯಾಂಡ್ ಕೊಡೋ. ತಲಿ ಗಿಲಿ ಕೆಟ್ಟೈತೇನು?"

"ಬ್ಯೂಟಿಫುಲ್ ಕನ್ನಡ," ಎಂದ ಕಂಡಕ್ಟರ್. ಆಮೇಲೆ ಬಗ್ಗಿ ಕಿವಿಯಲ್ಲಿ, "ಸಿಟ್ಟಾಗಬ್ಯಾಡೋ ಜುಜೆ. ಹಿಂಗ ಅಂದ್ರನ ಇದು ತಂಪಿರತೈತಿ. ಏ ಅಂದ್ರ ಸುಡತೈತಿ," ಎಂದು ಬಲಗೈ ತೋರಿಸಿದ. ಅವನ ಮಣಿಕಟ್ಟಿನಲ್ಲಿ ಬೂದು ಬಣ್ಣದ ಬಳೆಯಿತ್ತು.

ಆ ಬಳೆಯೊಳಗಿನ ತಂತಿಗಳನ್ನು ಬೆಸೆದವನು ಜುಜೆಯೇ.

ಸರಕಾರಿ ಕಾಗದದಲ್ಲಿ ಅದರ ಹೆಸರು ಸಮಹಸ್ತ. ಊರವರ ಬಾಯಲ್ಲಿ ಸುಡೋ ಬಳೆ. ಅದರ ಹಿಂದಿನ ವಿಜ್ಞಾನ ಸರಳ. ಮನುಷ್ಯ ಇನ್ನೊಬ್ಬನ ಮುಖ ಕಂಡಾಗ ಅವನ ಮನಸ್ಸು ಏನಾದರೂ ತೀರ್ಮಾನಿಸುವುದಕ್ಕಿಂತ ಮೊದಲೇ, ಒಂದು ಸೆಕೆಂಡಿನ ಮೂರನೇ ಒಂದು ಭಾಗದಷ್ಟು ಮುಂಚೆ, ಮುಂಗೈಯ ಸ್ನಾಯುಗಳು ತೀರ್ಮಾನಿಸಿರುತ್ತವೆ. ಚೀಲವನ್ನು ಎದೆಗೆ ಒತ್ತಿಕೊಳ್ಳಬೇಕೆ, ಕೈಕುಲುಕಬೇಕೆ, ಚಿಲ್ಲರೆಯನ್ನು ಕೈಗೆ ಕೊಡಬೇಕೆ ಅಥವಾ ಮೇಜಿನ ಮೇಲಿಡಬೇಕೆ, ಎಲ್ಲ ನಿರ್ಧಾರವೂ ಕೈಯದು. "ನಾನು ಭೇದ ಮಾಡುವುದಿಲ್ಲ" ಎನ್ನುವುದು ಬಾಯಿ; ಅದಕ್ಕೆ ಕೈಯ ಸುದ್ದಿ ಗೊತ್ತೇ ಇರುವುದಿಲ್ಲ. ಬಳೆಯಲ್ಲಿ ಮುಖ ನೋಡುವ ಒಂದು ಕಣ್ಣು, ಮಾತು ಕೇಳುವ ಒಂದು ಕಿವಿ, ಸ್ನಾಯುವನ್ನು ಓದುವ ನಾಲ್ಕು ತಂತಿಗಳಿವೆ. ಬಣ್ಣ, ಮೂಗು, ಕೂದಲು ನೋಡಿ ಕೈ ಬೇರೆ ದಾರಿ ಹಿಡಿದರೆ ಬಳೆ ಬಿಸಿಯಾಗುತ್ತದೆ. ಚರ್ಮ ಸುಡುವಷ್ಟಲ್ಲ, ಬಿಸಿ ಚಹಾದ ಲೋಟ ಹಿಡಿದಷ್ಟು.

ಆದರೆ ಬೇರೆ ದಾರಿ ಎಂದರೆ ಯಾವುದಕ್ಕಿಂತ ಬೇರೆ? ಬೆಟ್ಟದ ಎತ್ತರ ಅಳೆಯಲು ಸಮುದ್ರದ ಮಟ್ಟ ಬೇಕು. ಭೇದ ಅಳೆಯಲು ಭೇದವೇ ಇಲ್ಲದ ಒಂದು ಕೈ ಬೇಕು. ಅದು ಸೊನ್ನೆ.

ಸೊನ್ನೆ ಹುಡುಕಲು ಜುಜೆ ಕೆಲಸ ಮಾಡುತ್ತಿದ್ದ ಪ್ರಯೋಗಾಲಯದವರು ಊರಿನ ಮುನ್ನೂರು ಮಂದಿಯನ್ನು ಕೇಳಿದರು: ಯಾರು ಬಂದರೂ ಒಂದೇ ಥರ ನೋಡುವವರು ಇಲ್ಲಿ ಯಾರಿದ್ದಾರೆ? ನಲವತ್ತು ಮಂದಿ ತಮ್ಮ ಹೆಸರನ್ನೇ ಹೇಳಿದರು. ಕೆಲವರು ನಿವೃತ್ತ ನ್ಯಾಯಾಧೀಶರೊಬ್ಬರನ್ನು ಹೇಳಿದರು. ಬಳೆ ತೊಡಿಸಿ ನೋಡಿದರೆ ಎದುರಿನವನ ಜಾತಿ ಹೇಳುವ ಅಡ್ಡಹೆಸರು ಕಿವಿಗೆ ಬೀಳುವವರೆಗೂ ಅವರ ಕೈ ಅಲ್ಲಾಡಲಿಲ್ಲ. ಉಳಿದ ಇನ್ನೂರಕ್ಕೂ ಹೆಚ್ಚು ಮಂದಿ ಹೇಳಿದ್ದು ಒಂದೇ ಹೆಸರು: ಕಾಶವ್ವ.

ಕಾಶವ್ವ ಮೂವತ್ತೆರಡು ವರ್ಷದಿಂದ ಖಾನಾವಳಿ ನಡೆಸುತ್ತಿದ್ದಳು. ಗೋಡೆಯ ಮೇಲೆ ಬಣ್ಣದಲ್ಲಿ ಬರೆಸಿದ್ದಳು: ಇಲ್ಲಿ ಎಲ್ಲರಿಗೂ ಒಂದೇ ಕೈ. ಸುಳ್ಳೂ ಅಲ್ಲ. ಜಾತಿ ಕೇಳಿದವಳಲ್ಲ, ಒಮ್ಮೆ ಶಾಸಕನನ್ನೂ ಅವನ ಡ್ರೈವರನನ್ನೂ ಒಂದೇ ಬೆಂಚಿನ ಮೇಲೆ ಕೂರಿಸಿ ಇಬ್ಬರನ್ನೂ ಒಟ್ಟಿಗೆ ಬೈದಿದ್ದಳು. ಬೈಗುಳ ಅವಳ ಊಟದ ಭಾಗ. "ತಿನ್ನೋ ಭಾಡ್ಯಾ, ಎರಡ ರೊಟ್ಟಿಗೆ ಎದ್ದೇಳಾಕ ನೀನೇನು ಗುಬ್ಬೀನು?" ಎನ್ನುತ್ತ ಮೂರನೆಯ ರೊಟ್ಟಿಯನ್ನು ತಟ್ಟೆಗೆ ಅಪ್ಪಳಿಸಿ, ಅದರ ಮೇಲೊಂದು ಉಂಡೆ ರಂಜಕ ಒತ್ತಿದಳೆಂದರೆ ಆ ಹುಡುಗ ಅವಳ ಲೆಕ್ಕದಲ್ಲಿ ಮನೆಯವನಾದ ಹಾಗೆ. ಹಸಿ ಕೆಂಪು ಮೆಣಸಿನಕಾಯಿ ಅರೆದು ಅವಳು ಮಾಡುತ್ತಿದ್ದ ಆ ರಂಜಕಕ್ಕಾಗಿಯೇ ಬೆಳಗಾವಿಯಿಂದ ಬರುವವರಿದ್ದರು.

ನಲವತ್ತು ದಿನ ಅವಳ ಕೈಗೆ ಬಳೆ ತೊಡಿಸಿ, ಅವಳು ಬಡಿಸಿದ್ದನ್ನೆಲ್ಲ ದಾಖಲಿಸಿ, ಅದನ್ನೇ ಸೊನ್ನೆ ಎಂದರು. ಬಳೆ ಅವಳ ಕೈಯಲ್ಲೇ ಉಳಿಯಿತು. ಆಮೇಲೆ ಊರಿನ ಐನೂರು ಮಂದಿಗೆ, ಕಂಡಕ್ಟರುಗಳಿಗೆ, ನರ್ಸುಗಳಿಗೆ, ಅಂಗಡಿಯವರಿಗೆ, ಪರೀಕ್ಷೆಗೆಂದು ಬಳೆ ಹಂಚಿದರು. ಮೂರು ವಾರ ಕಳೆಯುವಷ್ಟರಲ್ಲಿ ಜುಜೆಗೆ ಚಮಚ ಸಿಗತೊಡಗಿತು.

ಬುಧವಾರ ಬೆಳಿಗ್ಗೆ ಪ್ರಯೋಗಾಲಯದಲ್ಲಿ ಕೂತು ಜುಜೆ ನಲವತ್ತು ದಿನದ ದಾಖಲೆಯನ್ನು ಮತ್ತೆ ನೋಡಿದ. ಹುಡುಕುವ ಕಷ್ಟವಿರಲಿಲ್ಲ. ಏನಿರುತ್ತದೆಂದು ಅವನಿಗೆ ಮೊದಲೇ ಗೊತ್ತಿತ್ತು, ಅವನದೇ ತಟ್ಟೆ.

ಎರಡು ವರ್ಷದ ಹಿಂದೆ ಅವನು ಮೊದಲ ಸಲ ಖಾನಾವಳಿಗೆ ಹೋದಾಗ ಕಾಶವ್ವ ಅವನನ್ನು ಆಫ್ರಿಕಾದಿಂದ ಓದಲು ಬಂದವನೆಂದುಕೊಂಡು, ತಟ್ಟೆಯ ಪಕ್ಕ ಚಮಚ ಇಟ್ಟಿದ್ದಳು. ಅವನು ಊಟ ಮಾಡುತ್ತ, "ನಾ ಕಲಘಟಗಿ ಕಡಿಯಂವ್ರಿ, ಸಿದ್ದಿ ಮಂದಿ. ನಮ್ಮ ಹಿರ್ಯಾರು ಆಫ್ರಿಕಾದಿಂದ ಬಂದು ನೂರಾರು ವರ್ಷಾತ್ರಿ. ನಾ ಐದನೇತ್ತಾ ಸಾಲಿಯಿಂದ ಇಲ್ಲೇ ಹಾಸ್ಟೆಲ್‌ನ್ಯಾಗ ಬೆಳದೀನಿ," ಎಂದಿದ್ದ. "ಹೌದ್ರಿ? ಚಲೋ ಆತ್ರಿ," ಎಂದಿದ್ದಳು. ಮರುದಿನ ಮತ್ತೆ ಚಮಚ. ಎರಡು ವರ್ಷವೂ ಚಮಚ. ರೊಟ್ಟಿಗೆ ಮೊದಲು ಅನ್ನ. ರಂಜಕ ಇಲ್ಲವೇ ಇಲ್ಲ. ಬದಲಿಗೆ ಒಂದು ಬಟ್ಟಲು ಮೊಸರು, ಮೇಲೆ ಸಕ್ಕರೆ. ಮಾತು ನಿಧಾನ, ಬಹುವಚನ, ನಡುನಡುವೆ ಕೈಸನ್ನೆ. ಬೈಗುಳ ಒಂದೂ ಇಲ್ಲ.

ಅವಳ ತಲೆಗೆ ಅವನು ಕಲಘಟಗಿಯವನೆಂದು ಗೊತ್ತಿತ್ತು. ಕೈಗೆ ಯಾರೂ ಹೇಳಿರಲಿಲ್ಲ. ಆ ಕೈಯೇ ಸೊನ್ನೆಯಾದ ಮೇಲೆ, ಅದರಂತೆ ಅವನಿಗೆ ಚಮಚ ಕೊಡದವರ ಬಳೆ ಬಿಸಿಯಾಗುತ್ತಿತ್ತು.

ಪ್ರಯೋಗಾಲಯದ ಮುಖ್ಯಸ್ಥೆ ಡಾ. ಮೃಣಾಲಿನಿ ಗಲಗಲಿ ಪರದೆಯ ಮುಂದೆ ಕೂತು ಆ ತಟ್ಟೆಗಳನ್ನು ಎರಡೆರಡು ಸಲ ಓಡಿಸಿ ನೋಡಿದರು.

"ಸೊನ್ನೆ ತಪ್ಪು ಅಂದ್ರ ಎಲ್ಲಾನೂ ತಪ್ಪು ಅಂದ್ಹಂಗ, ಜುಜೆ. ನಾಲ್ಕು ವರ್ಷದ ಕೆಲಸ."

"ಹೌದ್ರಿ ಮೇಡಂ."

"ನೀ ದಿನಾ ಅಲ್ಲೇ ಉಣ್ತಿದ್ದಿ. ಮೊದಲ ಯಾಕ ಹೇಳ್ಲಿಲ್ಲ?"

"ಏನಂತ ಹೇಳೂದ್ರಿ? ಚಾಕು ತೋರಸಿದ್ರ ಹೇಳ್ತಿದ್ದೆ. ಚಮಚ ತೋರಸಿದ್ರ ಏನಂತ ಕಂಪ್ಲೇಂಟ್ ಕೊಡೂದು?"

ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. "ನಲವತ್ತು ದಿನಾ ನಾನೂ ಇದನ್ನ ನೋಡೇನಿ. ಚಮಚಾನೂ ಕಂಡಿತ್ತು. ಎಷ್ಟು ಛಲೋ ಹೆಣ್ಣಮಗಳು ಅಂತ ಅನ್ನಿಸ್ತು. ಇದನ್ನ ಮಾತ್ರ ಯಾರ ಮುಂದೂ ಅನಬ್ಯಾಡ."

ಸೋಮವಾರ ಬೆಂಗಳೂರಿನಿಂದ ಸಮಿತಿ ಬರುವುದಿತ್ತು. ಖಾನಾವಳಿಯಲ್ಲೇ ಕೂತು, ಕಾಶವ್ವ ಬಡಿಸುವುದನ್ನು ಮಾಪಕದಲ್ಲಿ ನೋಡಿ, ಮುಳ್ಳು ಸೊನ್ನೆಯಲ್ಲಿ ನಿಂತರೆ ಅದಕ್ಕೆ ಮುದ್ರೆ ಒತ್ತಿ, ರಾಜ್ಯದ ಎರಡು ಲಕ್ಷ ನೌಕರರಿಗೆ ಬಳೆ ತೊಡಿಸುವುದು. ಮುದ್ರೆ ಬಿದ್ದ ಮೇಲೆ ಬದಲಿಸಬೇಕೆಂದರೆ ಇನ್ನೊಂದು ಸಮಿತಿ, ಇನ್ನೊಂದು ಹತ್ತು ವರ್ಷ. ಅಲ್ಲಿಯವರೆಗೆ ಬೀದರಿನಿಂದ ಚಾಮರಾಜನಗರದವರೆಗೆ ಜುಜೆ ಹೋದಲ್ಲೆಲ್ಲ ಒಂದು ಚಮಚ ಅವನ ದಾರಿ ಕಾಯುತ್ತಿರುತ್ತದೆ.

"ನನ್ನ ಮಾತಿಗೆ ಸಮಿತಿ ನಿಲ್ಲೂದಿಲ್ಲ, ನಿನ್ನ ಮಾತಿಗಂತೂ ಇಲ್ಲೇ ಇಲ್ಲ," ಎಂದರು ಮೇಡಂ. "ಅವರ ಕಣ್ಣ ಮುಂದ ಆಕಿ ಕೈನ ಈ ಸೊನ್ನೆ ಮುರೀಬೇಕು. ಹೋಗಿ ಹೇಳು."

ಸಂಜೆ ಜುಜೆ ರೂಮಿನಲ್ಲಿ ಅಂಗಿ ಒಗೆಯುತ್ತ ಊರಿಗೆ ಫೋನ್ ಮಾಡಿದ. ಅವನ ಅವ್ವ ಎಲ್ಲ ಕೇಳಿಸಿಕೊಂಡಳು.

"ಚಮಚ ಬೆಳ್ಳೀದೇನೋ?"

"ಸ್ಟೀಲಿಂದು."

"ತೊಳದು ಕೊಡತಾರೋ?"

"ಹೂಂ."

"ಹಂಗಾದ್ರ ನಿನ್ನ ತ್ರಾಸೇನು? ನಿಮ್ಮಜ್ಜನ್ನ ಹೊರಗ ಕುಂಡ್ರಿಸಿ ಕರಟದಾಗ ಚಾ ಹಾಕತಿದ್ರು. ನೀ ಒಳಗ ಬೆಂಚಿನ ಮ್ಯಾಲ ಕುಂತಿ, ಮೊಸರು ಸಕ್ಕರಿ ಹೊಡೀತಿ, ಅದಕ್ಕೂ ತಕರಾರು."

ಜುಜೆ ಅಂಗಿ ಹಿಂಡಿ ಹಗ್ಗಕ್ಕೆ ಹಾಕಿದ.

"ಆದ್ರ ಒಂದು ಐತಿ," ಎಂದಳು ಅವ್ವ. "ಕರಟ ಕೊಟ್ಟಾಕಿ ಜೋಡಿ ನಿಮ್ಮಜ್ಜ ಜಗಳಾ ತಗದಾ, ಕರಟಾನೂ ಒಗದಾ. ಚಮಚ ಕೊಟ್ಟಾಕಿ ಜೋಡಿ ಹ್ಯಾಂಗ ಜಗಳಾ ತಗೀತಿ? ಅದು ಖರೇನ ತ್ರಾಸಿಂದು. ನೋಡು, ನಿಂಗೇನರ ಹೊಳದ್ರ ನನಗೂ ಹೇಳು. ಇಲ್ಲಿ ಅಂಗನವಾಡಿ ಟೀಚರ್ ನನ್ನ ಕಂಡ್ರ ಭಾಳ ಪ್ರೀತಿ ಮಾಡತಾಳ."

ಗುರುವಾರ ಮಧ್ಯಾಹ್ನ ಗೆಳೆಯ ಎಮೆಕಾ ಮೊದಲ ಸಲ ಖಾನಾವಳಿಗೆ ಬಂದು ಪಕ್ಕದಲ್ಲಿ ಕೂತ. ಅವನು ನಿಜವಾಗಿಯೂ ಆಫ್ರಿಕಾದವನು, ನೈಜೀರಿಯಾದಿಂದ ಬಂದು ನಾಲ್ಕು ವರ್ಷದಿಂದ ಜೋಳದ ಬೇರಿನ ಮೇಲೆ ಸಂಶೋಧನೆ ಮಾಡುತ್ತಿದ್ದ. ಕನ್ನಡವನ್ನು ಹೊಲದಲ್ಲಿ ಆಳುಗಳಿಂದ ಕಲಿತಿದ್ದ. ಜುಜೆಯ ತಲೆಯಲ್ಲಿ ಕಾಶವ್ವನಿಗೆ ಹೇಳಬೇಕಾದ ಮಾತುಗಳು ಓಡುತ್ತಿದ್ದವು. ಎಮೆಕಾನ ತಟ್ಟೆ ಬಂದಿತು. ಜುಜೆ ಮೇಜಿನ ಮೇಲಿದ್ದ ಚಮಚದ ಲೋಟವನ್ನು ಅವನ ಕಡೆ ಸರಿಸಿದ.

ಎಮೆಕಾ ಲೋಟವನ್ನು ನೋಡಿದ, ಜುಜೆಯನ್ನು ನೋಡಿದ. "ನಿನಗೂ ಹತ್ತೇತೇನ್ಲೇ ಇದು?"

ಜುಜೆ ಕೈಯನ್ನು ಮೇಜಿನ ಕೆಳಗಿಟ್ಟುಕೊಂಡ. ಕಾಶವ್ವನಿಗೆ ಹೇಳಲು ಕಟ್ಟಿಟ್ಟಿದ್ದ ಭಾಷಣದಲ್ಲಿ ಅರ್ಧ ಅಲ್ಲೇ ಬಿದ್ದುಹೋಯಿತು.

ಮಂದಿ ಎದ್ದು ಹೋದ ಮೇಲೆ ಅವನು ಲ್ಯಾಪ್‌ಟಾಪ್ ತೆಗೆದು ಹನ್ನೆರಡನೆಯ ದಿನದ ದಾಖಲೆಯನ್ನು ನಿಧಾನವಾಗಿ ಓಡಿಸಿದ. ಇಪ್ಪತ್ತೆಂಟು ತಟ್ಟೆಗಳಿಗೆ ರೊಟ್ಟಿ ಅಪ್ಪಳಿಸಿ ಬೈದ ಕೈ, ಇಪ್ಪತ್ತೊಂಬತ್ತನೆಯ ತಟ್ಟೆಗೆ ಬಂದಾಗ ಹೂ ಇಡುವಂತೆ ಚಮಚ ಇಟ್ಟಿತು.

ಕಾಶವ್ವ ಸೀರೆಯ ಸೆರಗಿನಲ್ಲಿ ಕೈ ಒರೆಸುತ್ತ ನೋಡಿದಳು. "ಇದರಾಗ ತಪ್ಪೇನೈತ್ರಿ? ನಿಮಗ ಮರ್ಯಾದಿ ಕೊಟ್ಟೀನಿ."

"ನನಗೊಬ್ಬಗ ಯಾಕ್ರಿ ಅವ್ವಾರ?"

"ನಿಮ್ಮ ಕಡೆ ಚಮಚದಾಗ ಉಣ್ತಾರಂತ..."

"ನಮ್ಮ ಕಡೆ ಅಂದ್ರ ಯಾವ ಕಡೆ?"

ಕಾಶವ್ವ ಎಂಜಲು ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸತೊಡಗಿದಳು.

"ಕಲಘಟಗಿ ಕಡೆ," ಎಂದ ಜುಜೆ. "ಬಸ್ಸಿಗೆ ಒಂದು ತಾಸು."

"ಗೊತ್ತೈತ್ರಿ ನನಗ. ನನ್ನ ತವರಮನೀನೂ ಅಲ್ಲೇ. ನಿಮ್ಮೂರಿಂದ ಮೂರು ಹರದಾರಿ."

"ನಿಮ್ಮ ತವರಮನ್ಯಾಗ ಚಮಚದಾಗ ರೊಟ್ಟಿ ತಿಂತಾರೇನ್ರಿ?"

ಅದು ಹೆಚ್ಚಾಯಿತು. ಕಾಶವ್ವನ ಮುಖ ಕೆಂಪಾಯಿತು. "ಮೂವತ್ತೆರಡು ವರ್ಷ ಈ ಕೈಲೇ ಹಾಕೀನಿ. ಒಬ್ಬರೂ ಬೆರಳು ತೋರಸಿಲ್ಲ. ಸರಕಾರದವರು ಬಂದು ಇದನ್ನ ಸೊನ್ನಿ ಅಂದ್ರು. ಮೊಸರಿನ ಮ್ಯಾಲ ಸಕ್ಕರಿ ಹಾಕಿ ಕೊಟ್ಟಿದ್ದಕ್ಕ ನೀವು ಕೈ ಕೆಟ್ಟೈತಿ ಅಂತೀರಿ. ನಾಳಿಂದ ಬ್ಯಾರೆ ಕಡೆ ಉಣ್ಣ್ರಿ. ಹೋಗ್ರಿ." ಅವನನ್ನು ಹೊರಗೆ ಹಾಕುವಾಗಲೂ ಅವಳ ಬಾಯಲ್ಲಿ ಬಹುವಚನವೇ ಇತ್ತು.

ಶುಕ್ರವಾರ ಜುಜೆ ಬೇರೆ ಕಡೆ ಹೋದ. ಸಪ್ಪೆ ಸಾರು, ರಬ್ಬರಿನಂಥ ಚಪಾತಿ, ಜೊತೆಗೆ ಚಮಚ. ಅರ್ಧಕ್ಕೇ ಎದ್ದು, ನಾಚಿಕೆ ಬಿಟ್ಟು, ಕಾಶವ್ವನ ಖಾನಾವಳಿಗೆ ನಡೆದ.

ಅವಳು ಹೊರಗೆ ಹಾಕಲಿಲ್ಲ. ಮೇಜುಗಳ ಮೇಲೆ ಚಮಚದ ಲೋಟಗಳಿರಲಿಲ್ಲ. ಎಲ್ಲವನ್ನೂ ಕಟ್ಟಿ ಅಟ್ಟಕ್ಕೆ ಹಾಕಿಸಿದ್ದಳು, "ಈಗ ನೋಡ್ತೀನಿ ಯಾವನು ನನ್ನ ಕೈಗೆ ಹೆಸರಿಡತಾನಂತ," ಎಂದು ಅಡುಗೆಯವಳಿಗೆ ಹೇಳಿದ್ದಳಂತೆ. ತಟ್ಟೆ ತಂದು ಜುಜೆಯ ಮುಂದಿಟ್ಟಳು. ಅವಳ ಬಲಗೈ ತಾನಾಗಿಯೇ ಮೇಜಿನ ಮೂಲೆಗೆ ಹೋಯಿತು. ಅಲ್ಲಿ ಏನೂ ಇರಲಿಲ್ಲ. ಬೆರಳುಗಳು ಇಲ್ಲದ ಲೋಟದಿಂದ ಇಲ್ಲದ ಚಮಚವೊಂದನ್ನು ಎತ್ತಿ ಅರ್ಧ ದಾರಿ ತಂದು ನಿಂತವು.

ಊಟ ಮಾಡುತ್ತಿದ್ದವರೆಲ್ಲ ನೋಡಿದರು. ಕಾಶವ್ವನೂ ನೋಡಿದಳು, ಯಾರೋ ಪರಿಚಯವಿಲ್ಲದವರ ಕೈಯನ್ನು ನೋಡುವಂತೆ. ಆಮೇಲೆ "ಅಯ್ಯ ಶಿವನ," ಎಂದು ಮಣಿಕಟ್ಟು ಹಿಡಿದುಕೊಂಡಳು. ಮೊದಲ ಸಲ ಅವಳ ಬಳೆ ಬಿಸಿಯಾಗಿತ್ತು. ಚಮಚವಿಲ್ಲದ ತಟ್ಟೆ ಸೊನ್ನೆಯಿಂದ ತಪ್ಪಿದ ತಟ್ಟೆಯಾಗಿತ್ತು. ಅವಳ ಹಳೆಯ ಕೈ ಅವಳ ಹೊಸ ಕೈಯನ್ನು ಸುಡುತ್ತಿತ್ತು.

"ತಗದು ಇಡ್ರಿ ಅವ್ವಾರ," ಎಂದ ಜುಜೆ.

"ನೀವು ಸುಮ್ಮಕ ಉಣ್ಣ್ರಿ," ಎಂದಳು. "ಸುಡ್ಲಿ. ಎಷ್ಟು ಸುಡತೈತಿ ನೋಡತೀನಿ."

ಶನಿವಾರ ರೊಟ್ಟಿಯನ್ನು ಅನ್ನಕ್ಕಿಂತ ಮೊದಲು ಹಾಕಿದಳು. ಅಪ್ಪಳಿಸಲಾಗಲಿಲ್ಲ, ಮಗುವನ್ನು ಮಲಗಿಸಿದಂತೆ ಮೆಲ್ಲಗೆ ಇಟ್ಟಳು. ಭಾನುವಾರ ಅಪ್ಪಳಿಸಿದಳು, ಆಮೇಲೆ "ತಪ್ಪಾತ್ರಿ," ಎಂದು ಕ್ಷಮೆ ಕೇಳಿದಳು. ಎಲ್ಲಕ್ಕಿಂತ ಹಟಮಾರಿ ನಾಲಿಗೆ. "ನೀ..." ಎಂದು ಶುರು ಮಾಡಿದರೆ "ವು" ತಾನೇ ಬಂದು ಅಂಟಿಕೊಳ್ಳುತ್ತಿತ್ತು. ಅವಳು ಹಿತ್ತಲಿನಲ್ಲಿ ಜೋಳದ ಹಿಟ್ಟು ನಾದುತ್ತ "ನೀನ, ನಿನ್ನ, ನಿನಗ" ಎಂದು ಬಾಯಿಪಾಠ ಮಾಡುತ್ತಿದ್ದುದನ್ನು ಅಡುಗೆಯವಳು ಊರಿಗೆಲ್ಲ ಹೇಳಿಕೊಂಡು ಬಂದಳು. ಬೈಗುಳ ಮಾತ್ರ ಬರಲೇ ಇಲ್ಲ. ನಾಳೆ ಸಮಿತಿ ಬರುತ್ತದೆ, ಮುಳ್ಳು ಸೊನ್ನೆಯಿಂದ ಒಂದಿಷ್ಟು ಅಲ್ಲಾಡಿದರೆ ಗಾಳಿಗೆ ಅಲ್ಲಾಡಿತೆಂದು ಬರೆದುಕೊಂಡು ಮುದ್ರೆ ಒತ್ತಿ ಹೋಗುತ್ತಾರೆ ಎಂದು ಗಲಗಲಿ ಮೇಡಂ ಬೆರಳು ಮುರಿದುಕೊಂಡರು.

ಸೋಮವಾರ ಸಮಿತಿಯ ಮೂವರು ಬಂದು ಬೆಂಚಿನ ಮೇಲೆ ಕೂತರು. ಗೋಡೆಗೆ ಮಾಪಕ ತೂಗುಹಾಕಿದ್ದರು. ಅಧ್ಯಕ್ಷ ಪುಟ್ಟಮಾದಪ್ಪನವರು ಮಂಡ್ಯದ ಕಡೆಯವರು, ಒಳ್ಳೆಯ ಮನುಷ್ಯ, ಅವತ್ತು ಬಹಳ ಹಸಿದಿದ್ದರು. ಅವರ ತಟ್ಟೆಗೆ ಕಾಶವ್ವ ಖಡಕ್ ರೊಟ್ಟಿ ಹಾಕಿದಳು. ಮುಳ್ಳು ಸೊನ್ನೆ. ಅವರು ರೊಟ್ಟಿ ಮುರಿಯಲು ಹೋದರು. ಅದು ಮೂರು ಚೂರಾಗಿ, ಒಂದು ಚೂರು ಪಕ್ಕದಲ್ಲಿದ್ದ ಸಮಿತಿಯ ಕಾರ್ಯದರ್ಶಿಯ ಮಡಿಲಿಗೆ ಹಾರಿತು. ಕಾಳುಪಲ್ಲೆಯನ್ನು ಹೇಗೆ ಎತ್ತಬೇಕೆಂದು ತಿಳಿಯದೆ ಸುತ್ತ ನೋಡಿದರು.

"ಸ್ಪೂನ್ ಐತೇನಮ್ಮ?"

"ಇಲ್ರಿ," ಎಂದಳು ಕಾಶವ್ವ. "ಅಟ್ಟದ ಮ್ಯಾಲ ಐತಿ."

ಮುಂದಿನ ತಟ್ಟೆಗೆ ರೊಟ್ಟಿಯ ಜೊತೆ ಬೈಗುಳ, ಸೊನ್ನೆ. ಅದರ ಮುಂದಿನದು, ಸೊನ್ನೆ. ಕಾರ್ಯದರ್ಶಿ ಮುದ್ರೆಯ ಪೆಟ್ಟಿಗೆ ತೆರೆದ. ಕೊನೆಯ ಬೆಂಚಿನಲ್ಲಿ ಜುಜೆ ಕೂತಿದ್ದ. ಕಾಶವ್ವ ಅವನ ಮುಂದೆ ಬಂದು ನಿಂತಳು. ಕೈಯಲ್ಲಿ ರೊಟ್ಟಿ ಹಿಡಿದು ತುಟಿಯಲ್ಲೇ "ನೀನ, ನಿನ್ನ, ನಿನಗ" ಎಂದುಕೊಳ್ಳುತ್ತಿದ್ದಳು. ಜುಜೆಗೆ ಅವಳ ಮೇಲೆ ಮರುಕ ಬಂತು. ಇಷ್ಟು ಜನರ ಮುಂದೆ ಈ ಮುದುಕಿಯ ಮೂವತ್ತೆರಡು ವರ್ಷವನ್ನು ಮಣ್ಣು ಮಾಡಬೇಕೆ ಅನ್ನಿಸಿತು. ಸಂಕೋಚದಿಂದ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದು, "ಸಾಕ್ರಿ ಅವ್ವಾರ, ನನಗ ಅನ್ನಾನ ಹಾಕ್ರಿ, ನಡೀತೈತಿ," ಎಂದ.

ಖಾನಾವಳಿಯಲ್ಲಿ ಕಾಶವ್ವ ಕೈಯಲ್ಲಿ ರೊಟ್ಟಿ ಹಿಡಿದಾಗ ಯಾರೂ ಬೇಡ ಅನ್ನುವಂತಿಲ್ಲ. ಮೂವತ್ತೆರಡು ವರ್ಷದಲ್ಲಿ ಅಂದವರಿಲ್ಲ.

"ಏನಂದಿ?" ಎಂದಳು.

"ಅನ್ನ..."

"ಏ ಭಾಡ್ಯಾ! ಮೂರು ದಿನದಿಂದ ನಿನ್ನ ಸಂಬಂಧ ಕೈ ಸುಟಗೊಳ್ಳಾಕತ್ತೀನಿ, ರೊಟ್ಟಿ ಒಲ್ಲೆ ಅಂತೀಯೇನು? ಕಲಘಟಗ್ಯಾಗ ಹುಟ್ಟಿ, ಧಾರವಾಡದಾಗ ಬೆಳದು, ಅನ್ನಾ ಹಾಕ್ರಿ ಅಂತೀಯೇನು? ಕೈ ತಗಿ. ತಗೀಯೋ ಕೈ!"

ರೊಟ್ಟಿ ತಟ್ಟೆಗೆ ಅಪ್ಪಳಿಸಿತು. ಹಿಂದೆಯೇ ಇನ್ನೊಂದು. ಅದರ ಮೇಲೆ ಲಿಂಬೆಹಣ್ಣಿನ ಗಾತ್ರದ ರಂಜಕದ ಉಂಡೆ. ಗೋಡೆಯ ಮೇಲಿನ ಮುಳ್ಳು ಸೊನ್ನೆಯಿಂದ ಎದ್ದು, ಮಾಪಕದ ಇನ್ನೊಂದು ತುದಿಗೆ ಹೋಗಿ ಟಕ್ಕೆಂದು ಬಡಿದು ಅಲ್ಲೇ ನಿಂತಿತು. ಬಳೆ ಕಾದ ಹಂಚಿನಂತಾಗಿರಬೇಕು. ಕಾಶವ್ವ ನೀರಿನ ತಂಬಿಗೆಗೆ ಮಣಿಕಟ್ಟು ಅದ್ದಿ, ಮತ್ತೆ ತೆಗೆದು, ಬೈಗುಳ ಮುಂದುವರಿಸಿದಳು.

ಅಧ್ಯಕ್ಷರು ಎದ್ದು ನಿಂತರು. "ಇದೇನ್ ಮೇಡಂ, ಆ ಹುಡುಗನ್ ಮೇಲೆ ಇಷ್ಟೊಂದ್ ದ್ವೇಷವಾ ಆಯಮ್ಮಂಗೆ?"

"ಉಳದವರನ್ನ ಹ್ಯಾಂಗ ಬೈದ್ರು ಕೇಳಿದ್ರೆಲ್ಲ ಸರ್," ಎಂದರು ಗಲಗಲಿ ಮೇಡಂ. "ಅದೇ ಬೈಗುಳ, ಅದೇ ಕೈ. ಇವನಿಗೆ ಇವತ್ತೇ ಮೊದಲ. ಮಷೀನ್ ಸರಿ ಅದ. ನಾವು ಹಿಡದ ಸೊನ್ನೆ ಕೆಟ್ಟದ."

"ಹಂಗಾರೆ ಬ್ಯಾರೆ ಯಾರ್ದಾದ್ರೂ ಕೈ ಹುಡುಕಿ."

"ನಾಲ್ಕು ವರ್ಷ ಹುಡುಕೇವಿ ಸರ್. ಇದಕ್ಕಿಂತ ಛಲೋದು ಸಿಗೂದಿಲ್ಲ."

ಸಮಿತಿ ಮುದ್ರೆಯನ್ನು ಪೆಟ್ಟಿಗೆಗೆ ಹಾಕಿಕೊಂಡು ಹೋಯಿತು. ಕಡತದ ಮೇಲೆ ಅಧ್ಯಕ್ಷರು ಬರೆದದ್ದು ಇಷ್ಟೇ: ಸೊನ್ನೆ ಇಲ್ಲದೆ ಬಳೆ ಮಾಡಲು ಸಾಧ್ಯವೇ ಪರಿಶೀಲಿಸಿ. ಸಾಧ್ಯವಾಯಿತು. ಮುಂದೆ ಬಂದ ಬಳೆಗಳು ಬಿಸಿಯಾಗುತ್ತಿರಲಿಲ್ಲ. ಇವನಿಗೆ ಹೀಗೆ ಮಾಡಿದೆ, ಅವನಿಗೆ ಹಾಗೆ ಮಾಡಿದೆ ಎಂದು ಸಂಜೆ ಫೋನಿನಲ್ಲಿ ಎರಡು ಚಿತ್ರಗಳನ್ನು ಅಕ್ಕಪಕ್ಕ ತೋರಿಸುತ್ತಿದ್ದವು, ಅಷ್ಟೇ. ಹೆಚ್ಚಿನವರು ಎರಡು ದಿನ ನೋಡಿ ಬಳೆ ತೆಗೆದಿಟ್ಟರು. ಕಂಡಕ್ಟರ್ ಇಟ್ಟುಕೊಂಡ.

ಅದೆಲ್ಲ ಆಮೇಲಿನದು. ಆ ಸೋಮವಾರ ಖಾನಾವಳಿಯಲ್ಲಿ ಎಲ್ಲರ ಕಣ್ಣೂ ಜುಜೆಯ ಮೇಲಿತ್ತು. ಎರಡು ವರ್ಷದಿಂದ ಅವನು ಆಸೆಪಟ್ಟಿದ್ದ ರಂಜಕ ಎದುರಿಗಿತ್ತು. ರೊಟ್ಟಿ ಮುರಿದು, ದೊಡ್ಡದೊಂದು ತುಂಡು ರಂಜಕ ಮೆತ್ತಿ, ಬಾಯಿಗೆ ಹಾಕಿಕೊಂಡ.

ಎರಡು ವರ್ಷದ ಮೊಸರು ಸಕ್ಕರೆ ಅವನ ನಾಲಿಗೆಯನ್ನು ಏನು ಮಾಡಿಟ್ಟಿತ್ತೆಂದು ಆಗ ಗೊತ್ತಾಯಿತು. ಕಿವಿಯಿಂದ ಹೊಗೆ ಹೋದಂತಾಯಿತು. ಮೂಗು ಸೋರಿತು, ಕಣ್ಣು ಸೋರಿತು. ಆಗಷ್ಟೇ ಬಂದ ಎಮೆಕಾ ಪಕ್ಕದಲ್ಲಿ ಕೂತು, ಜುಜೆಯ ತಟ್ಟೆಯ ಎರಡನೇ ರೊಟ್ಟಿಗೆ ಅದೇ ರಂಜಕ ಹಚ್ಚಿ ಆರಾಮಾಗಿ ಅಗಿಯುತ್ತಿದ್ದ. ಜುಜೆ ನೀರು ಕುಡಿದ, ಉರಿ ಹೆಚ್ಚಾಯಿತು. ಮಾತು ಹೊರಡದೆ ಮೊಸರಿನ ಗಡಿಗೆಯ ಕಡೆ ಬೆರಳು ತೋರಿಸಿದ.

ಕಾಶವ್ವ ಒದ್ದೆ ಬಟ್ಟೆಯಿಂದ ಮಣಿಕಟ್ಟು ಸುತ್ತಿಕೊಳ್ಳುತ್ತ ಅವನ ಕಡೆ ನೋಡಿದಳು.

"ಕಣ್ಣಾಗ ನೀರು ತಂದ್ರ ಮೊಸರು ಹಾಕ್ತೀನಿ ಅಂದ್ಕೊಂಡೀಯೇನು? ಆ ಕಾಲ ಹೋತು," ಎಂದಳು. "ಇನ್ನೊಂದು ರೊಟ್ಟಿ ತಿನ್ನು."